ಮೆಟ್ಟುಗತ್ತಿಯ ಮುಂದೆ ಕೂತವರ ಲೆಕ್ಕ

ಶಾಂಪೂ ಸ್ಯಾಚೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಗಮನಿಸಿರುತ್ತೀರಿ. ಕಚ್ಚು ಇಲ್ಲದ ಕಡೆ ಹಿಡಿದು ಎಷ್ಟೇ ಜಗ್ಗಿದರೂ ಪ್ಲಾಸ್ಟಿಕ್ ಹಿಗ್ಗುತ್ತದೆಯೇ ಹೊರತು ಹರಿಯುವುದಿಲ್ಲ; ಕೊನೆಗೆ ಹಲ್ಲಿಗೆ ಕೆಲಸ. ಕಚ್ಚಿನ ಹತ್ತಿರ ಹಿಡಿದು ಎಳೆದರೆ ಮಗುವಿನ ಬೆರಳಿಗೂ ಹರಿದು ಬರುತ್ತದೆ. ಪ್ಲಾಸ್ಟಿಕ್ ಅದೇ, ಎಳೆಯುವ ಬೆರಳೂ ಅದೇ. ವ್ಯತ್ಯಾಸ ಇರುವುದು ಆಕಾರದಲ್ಲಿ ಮಾತ್ರ. ನನ್ನ ಪಿಎಚ್.ಡಿ. ಯಾವುದರ ಬಗ್ಗೆ ಎಂದು ಯಾರಾದರೂ ಕೇಳಿದರೆ, ಅವರಿಗೆ ಒಂದು ನಿಮಿಷದಷ್ಟು ತಾಳ್ಮೆ ಇದ್ದಂತೆ ಕಂಡರೆ, ನಾನು ಈ ಸ್ಯಾಚೆಯ ಕಚ್ಚಿನಿಂದಲೇ ಶುರು ಮಾಡುತ್ತೇನೆ. ಸ್ಯಾಚೆ ಮಾಡುವವರಿಗೆ ಆ ಜಾಗದಲ್ಲಿ ಅದು ಹರಿಯಬೇಕು. ನನಗೆ ನಾನು ಮಾಡುವ ವಸ್ತು ಎಲ್ಲೂ ಹರಿಯಬಾರದು, ಮುರಿಯಬಾರದು. ಲೆಕ್ಕ ಎರಡಕ್ಕೂ ಒಂದೇ.

ಆ ಲೆಕ್ಕದಲ್ಲಿ ಮುಖ್ಯವಾದ ಪದ ಸ್ಟ್ರೆಸ್. ಕನ್ನಡದಲ್ಲಿ ಒತ್ತಡ ಎಂದರೆ ಪರೀಕ್ಷೆಯ ಹಿಂದಿನ ರಾತ್ರಿಯದೂ ಒತ್ತಡ, ಕುಕ್ಕರಿನೊಳಗಿನ ಆವಿಯದೂ ಒತ್ತಡ. ಎಂಜಿನಿಯರ್ ಹೇಳುವ ಒತ್ತಡ ಇವೆರಡಕ್ಕಿಂತ ಸ್ವಲ್ಪ ಬೇರೆ. ಹೊರಗಿನಿಂದ ವಸ್ತುವಿನ ಮೇಲೆ ಬೀಳುವುದನ್ನು ನಾವು ಭಾರ ಎನ್ನುತ್ತೇವೆ. ಆ ಭಾರವನ್ನು ವಸ್ತುವಿನ ಒಳಗಿನ ಒಂದೊಂದು ಚೂರೂ ತನ್ನ ಪಕ್ಕದ ಚೂರಿಗೆ ದಾಟಿಸುತ್ತ ಹೋಗುತ್ತದಲ್ಲ, ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹೀಗೆ ಎಷ್ಟು ಬಲ ದಾಟುತ್ತಿದೆ ಎಂಬುದು ಒತ್ತಡ. ಭಾರ ಕಣ್ಣಿಗೆ ಕಾಣುತ್ತದೆ, ತೂಗಬಹುದು. ಒತ್ತಡ ಒಳಗಿನ ವಿಷಯ. ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಮದುವೆಮನೆಯ ಪಂಕ್ತಿಯಲ್ಲಿ ಬಾಳೆಎಲೆಗಳನ್ನು ಕೈಯಿಂದ ಕೈಗೆ ದಾಟಿಸುವಾಗ ನಡುವೆ ಇಬ್ಬರು ಎದ್ದು ಹೋದರೆ ಅವರ ಪಕ್ಕದಲ್ಲಿದ್ದವರ ಕೈಗೆ ಹೆಚ್ಚು ಕೆಲಸ ಬೀಳುತ್ತದೆ. ಲೋಹದ ಹಾಳೆಯಲ್ಲಿ ಒಂದು ತೂತು ಕೊರೆದರೆ ಆಗುವುದೂ ಇದೇ. ತೂತಿನ ಜಾಗದಲ್ಲಿ ಇರಬೇಕಿದ್ದ ಲೋಹದ ಪಾಲು ಅದರ ಅಂಚಿನ ಲೋಹದ ಮೇಲೆ ಬೀಳುತ್ತದೆ.

ಎಷ್ಟು ಬೀಳುತ್ತದೆ ಎಂದು 1898ರಲ್ಲಿ ಜರ್ಮನಿಯ ಕಿರ್ಶ್ ಲೆಕ್ಕ ಹಾಕಿ ತೋರಿಸಿದ. ದೊಡ್ಡ ಹಾಳೆಯನ್ನು ಒಂದು ದಿಕ್ಕಿನಲ್ಲಿ ಎಳೆದರೆ, ಅದರಲ್ಲಿರುವ ಪುಟ್ಟ ದುಂಡನೆಯ ತೂತಿನ ಅಂಚಿನಲ್ಲಿ ಒತ್ತಡ ಬೇರೆ ಕಡೆಗಿಂತ ಸರಿಯಾಗಿ 3 ಪಟ್ಟು. ತೂತು ಸೂಜಿಯಷ್ಟಿರಲಿ, ನಾಣ್ಯದಷ್ಟಿರಲಿ, ಹಾಳೆ ಅದಕ್ಕೆ ಹೋಲಿಸಿದರೆ ದೊಡ್ಡದಿದ್ದರೆ ಉತ್ತರ 3. 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ಇದನ್ನೇ ಮೊಟ್ಟೆಯಾಕಾರದ ತೂತಿಗೆ ವಿಸ್ತರಿಸಿದ. ಎಳೆತಕ್ಕೆ ಅಡ್ಡಲಾಗಿ ತೂತು ಉದ್ದವಾದಷ್ಟೂ, ತುದಿ ಚೂಪಾದಷ್ಟೂ ಆ ತುದಿಯ ಒತ್ತಡ ಏರುತ್ತಲೇ ಹೋಗುತ್ತದೆ. ಬಿರುಕು ಎಂದರೆ ಅತಿ ಚಪ್ಪಟೆಯಾದ ಒಂದು ತೂತು, ಅಷ್ಟೆ. ಬಿರುಕಿನ ತುದಿಯಲ್ಲಿ ಒಂದು ದುಂಡನೆಯ ತೂತು ಕೊರೆದು ಅದು ಮುಂದೆ ಹೋಗದಂತೆ ತಡೆಯುವ ಮೆಕ್ಯಾನಿಕ್, ಇಂಗ್ಲಿಸನ ಹೆಸರು ಕೇಳದೆಯೂ ಅವನ ಸೂತ್ರವನ್ನು ಬಳಸುತ್ತಿರುತ್ತಾನೆ.

ಈ ಸೂತ್ರದ ಒಳಗೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. ವಿಮಾನದ ಒಡಲು ಗಾಳಿ ತುಂಬಿದ ಉದ್ದನೆಯ ಕೊಳವೆಯ ಹಾಗೆ. ಅಂಥ ಕೊಳವೆಯ ಚರ್ಮದಲ್ಲಿ ಸುತ್ತಳತೆಯ ದಿಕ್ಕಿನ ಒತ್ತಡ ಉದ್ದದ ದಿಕ್ಕಿನ ಒತ್ತಡದ ಎರಡು ಪಟ್ಟು ಇರುತ್ತದೆ. ಉದ್ದದ ದಿಕ್ಕಿನದನ್ನು 1 ಎಂದಿಟ್ಟುಕೊಳ್ಳಿ, ಸುತ್ತಿನದು 2. ಈಗ ಇದರಲ್ಲಿ ಒಂದು ಕಿಟಕಿ ಕೊರೆಯಬೇಕು. ದುಂಡನೆಯ ಕಿಟಕಿ ಕೊರೆದರೆ ಅದರ ಅಂಚಿನ ಗರಿಷ್ಠ ಒತ್ತಡ 5. ಅದರ ಬದಲು ಸುತ್ತಿನ ದಿಕ್ಕಿಗೆ ಎರಡು ಪಟ್ಟು ಉದ್ದವಿರುವ, ಅಂದರೆ ಎದ್ದು ನಿಂತ ಮೊಟ್ಟೆಯಾಕಾರದ ಕಿಟಕಿ ಕೊರೆದರೆ ಅಂಚಿನುದ್ದಕ್ಕೂ ಒತ್ತಡ 3, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಇದಕ್ಕಿಂತ ಒಳ್ಳೆಯ ಆಕಾರ ಈ ಭಾರಕ್ಕೆ ಸಿಗುವುದಿಲ್ಲ. ವಿಮಾನದ ಕಿಟಕಿಗಳು ಅಗಲಕ್ಕಿಂತ ಎತ್ತರವಾಗಿರುವುದಕ್ಕೆ ಬೇರೆ ಕಾರಣಗಳೂ ಇವೆ; ಆದರೆ ಇದೂ ಒಂದು ಅನುಕೂಲ.

ಈಗ ಅದೇ ಕಿಟಕಿಯನ್ನು, ಅದೇ ಅಳತೆಯಲ್ಲಿ, 90 ಡಿಗ್ರಿ ತಿರುಗಿಸಿ ಮಲಗಿಸಿ. ಅಂಚಿನ ಗರಿಷ್ಠ ಒತ್ತಡ 9. ಅತ್ಯುತ್ತಮ ಆಕಾರ ಮಲಗಿದ ಕೂಡಲೇ ಮೂರು ಪಟ್ಟು ಕೆಟ್ಟದ್ದಾಯಿತು. ಯಾವ ಜಾಣತನವೂ ಇಲ್ಲದ ಸಾದಾ ದುಂಡನೆಯ ತೂತಿಗಿಂತಲೂ ಕೆಟ್ಟದ್ದಾಯಿತು. 3, 5, 9 ಎಂಬ ಈ ಮೂರು ಅಂಕಿಗಳನ್ನು ನನ್ನ ಮೇಜಿನ ಮೇಲಿನ ಹಲಗೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅತ್ಯುತ್ತಮ ಎಂಬ ಪದಕ್ಕೆ ಒಂಟಿಯಾಗಿ ಅರ್ಥವಿಲ್ಲ, ಯಾವ ಭಾರಕ್ಕೆ ಅತ್ಯುತ್ತಮ ಎಂದು ಕೂಡಲೇ ಕೇಳಬೇಕು ಎಂದು ಅವು ನೆನಪಿಸುತ್ತವೆ.

ಇಂಥ ಕಿಟಕಿಯನ್ನು ಕಾಗದದ ಮೇಲೆ ಬಿಡಿಸಬಹುದು. ನಿಜವಾದ ಯಂತ್ರಭಾಗಗಳಿಗೆ ಸೂತ್ರ ಸಿಗುವುದಿಲ್ಲ, ಅಲ್ಲಿ ಕಂಪ್ಯೂಟರ್ ಬೇಕು. ಮೊದಲ ಹೆಜ್ಜೆ ಪ್ಯಾರಾಮೆಟ್ರಿಕ್ ಮಾದರಿ ಕಟ್ಟುವುದು. ಇದನ್ನು ಅರ್ಥಮಾಡಿಕೊಳ್ಳಲು ದರ್ಜಿಯನ್ನು ನೆನೆದರೆ ಸಾಕು. ದರ್ಜಿಗೆ ರವಿಕೆ ಎಂದರೆ ಒಂದು ಚಿತ್ರವಲ್ಲ. ಎದೆ, ತೋಳು, ಬೆನ್ನು, ಉದ್ದ ಎಂಬ ನಾಲ್ಕಾರು ಅಳತೆಗಳು ಮತ್ತು ಅವುಗಳ ನಡುವಿನ ನಂಟು. ಅಳತೆ ಬದಲಿಸಿದರೆ ರವಿಕೆ ಬದಲಾಗುತ್ತದೆ, ಆದರೆ ಅದು ರವಿಕೆಯಾಗಿಯೇ ಉಳಿಯುತ್ತದೆ. ನಾವೂ ವಸ್ತುವನ್ನು ಗೆರೆಗಳಾಗಿ ಬರೆಯದೆ ಅಳತೆಗಳಾಗಿ ಬರೆಯುತ್ತೇವೆ. ಈ ವ್ಯಾಸ ಇಷ್ಟು, ಆ ಕೋನ ಇಷ್ಟು, ಈ ಮೂಲೆಯ ದುಂಡುತನ ಆ ವ್ಯಾಸದ ಇಷ್ಟು ಪಾಲು. ಒಂದು ಸಂಖ್ಯೆ ತಿದ್ದಿದರೆ ಇಡೀ ಆಕಾರ ತಾನಾಗಿ ಹೊಸದಾಗಿ ಎದ್ದು ನಿಲ್ಲುತ್ತದೆ. ದರ್ಜಿಯ ಪುಸ್ತಕಕ್ಕೂ ನಮ್ಮ ಮಾದರಿಗೂ ಇನ್ನೊಂದು ಹೋಲಿಕೆಯಿದೆ. ಪುಸ್ತಕದಲ್ಲಿ ಯಾವ ಅಳತೆಗೆ ಕಾಲಂ ಇಲ್ಲವೋ, ಬಟ್ಟೆ ಕತ್ತರಿಸುವಾಗ ದೇಹದ ಆ ಭಾಗ ಅವನ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ಹೆಜ್ಜೆಗಳು ಯಾಂತ್ರಿಕ. ಎದ್ದು ನಿಂತ ಆಕಾರವನ್ನು ಕಂಪ್ಯೂಟರ್ ಲಕ್ಷಾಂತರ ಪುಟ್ಟ ತುಣುಕುಗಳಾಗಿ ಒಡೆಯುತ್ತದೆ. ಒಂದೊಂದು ತುಣುಕೂ ಪಕ್ಕದ ತುಣುಕಿಗೆ ಎಷ್ಟು ಬಲ ದಾಟಿಸುತ್ತದೆ ಎಂದು ಸಮೀಕರಣಗಳನ್ನು ಬಿಡಿಸುತ್ತದೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ಪರದೆಯ ಮೇಲೆ ಒತ್ತಡ ಕಡಿಮೆಯಿರುವಲ್ಲಿ ನೀಲಿ, ಹೆಚ್ಚಿರುವಲ್ಲಿ ಕೆಂಪು. ಆಮೇಲೆ ಆಪ್ಟಿಮೈಸೇಶನ್ ಪ್ರೋಗ್ರಾಂ ಅಳತೆಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಪ್ರತಿ ಸಲವೂ ಮತ್ತೆ ಲೆಕ್ಕ ಮಾಡುತ್ತ, ಕೆಂಪು ಕರಗುವ ದಿಕ್ಕನ್ನು ಹುಡುಕುತ್ತ ಹೋಗುತ್ತದೆ. ರಾತ್ರಿ ಲ್ಯಾಬಿನ ದೀಪ ಆರಿಸಿ ಬರುವಾಗ ಅದು ಹುಡುಕುತ್ತಿರುತ್ತದೆ, ಬೆಳಿಗ್ಗೆ ಟೀ ಕುಡಿದು ಹೋಗುವಾಗಲೂ ಹುಡುಕುತ್ತಿರುತ್ತದೆ. ಬೇಸರವಿಲ್ಲ, ಹಸಿವಿಲ್ಲ. ನಾವು ಬರೆದುಕೊಟ್ಟ ಪ್ರಶ್ನೆಯನ್ನು ಅದು ಅಕ್ಷರಶಃ ಪಾಲಿಸುತ್ತದೆ. ನಮ್ಮ ಮನಸ್ಸಿನಲ್ಲಿದ್ದು ಬರೆಯದೇ ಉಳಿದದ್ದು ಅದಕ್ಕೆ ತಲುಪುವುದಿಲ್ಲ.

ನಾನು ಆಕಾರ ಹುಡುಕುತ್ತಿರುವ ವಸ್ತು ಸೊಂಟದ ಕೃತಕ ಕೀಲು. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಚೆಂಡಿದೆ, ಅದು ಸೊಂಟದ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಸವೆದೋ ಮುರಿದೋ ಹೋದ ಚೆಂಡನ್ನು ಕತ್ತರಿಸಿ ತೆಗೆದು, ತೊಡೆಮೂಳೆಯ ಒಳಗಿನ ಪೊಳ್ಳಿನಲ್ಲಿ ಲೋಹದ ಒಂದು ಕಾಂಡವನ್ನು ಇಳಿಸಿ, ಅದರ ಕತ್ತಿನ ಮೇಲೆ ಹೊಸ ಚೆಂಡನ್ನು ಕೂರಿಸುತ್ತಾರೆ. ಇಂದಿನ ರೂಪದ ಈ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಟ್ಟವನು ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ, 1962ರ ಸುಮಾರಿಗೆ. ಕಾಂಡ, ಕತ್ತು, ಚೆಂಡು, ಬಟ್ಟಲು: ನನ್ನ ಮಾದರಿಯ ಅಳತೆಗಳೆಲ್ಲ ಈ ನಾಲ್ಕರ ಸುತ್ತ.

ಆ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ? ದೇಹದ ತೂಕದಷ್ಟು ಎಂದು ಅನ್ನಿಸುವುದು ಸಹಜ. ಆದರೆ ನಡೆಯುವಾಗ ಒಂದು ಕಾಲು ಮೇಲಿರುವ ಹೊತ್ತಿನಲ್ಲಿ ಇಡೀ ದೇಹ ಇನ್ನೊಂದು ಬದಿಯ ಕೀಲಿನ ಮೇಲೆ ತಕ್ಕಡಿಯ ಹಾಗೆ ತೂಗುತ್ತದೆ. ತಕ್ಕಡಿಯ ಉದ್ದದ ಬದಿಯಲ್ಲಿ ದೇಹದ ತೂಕ, ಗಿಡ್ಡದ ಬದಿಯಲ್ಲಿ ಸೊಂಟದ ಸ್ನಾಯು. ಗಿಡ್ಡ ಬದಿಯಿಂದ ತೂಗಿಸಬೇಕಾದ್ದರಿಂದ ಸ್ನಾಯು ತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕು, ನಡುವಿನ ಕೀಲು ಎರಡನ್ನೂ ಹೊರಬೇಕು. ಬರ್ಲಿನ್ನಿನ ಬರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಕೀಲಿನ ಒಳಗೇ ಬಲ ಅಳೆಯುವ ಸಾಧನವಿಟ್ಟು, ನಾಲ್ವರು ರೋಗಿಗಳ ಒಳಗಿನಿಂದ ರೇಡಿಯೋ ಮೂಲಕ ಅಂಕಿಗಳನ್ನು ಪಡೆದು 2001ರಲ್ಲಿ ಪ್ರಕಟಿಸಿದರು. ಗಂಟೆಗೆ 4 ಕಿಲೋಮೀಟರ್ ವೇಗದ ನಡಿಗೆಯಲ್ಲಿ ಕೀಲಿನ ಮೇಲೆ ಬೀಳುವ ಬಲ ಸರಾಸರಿ ದೇಹದ ತೂಕದ 2.4 ಪಟ್ಟು. 50 ಕಿಲೋದ ಹೆಂಗಸು ಸುಮ್ಮನೆ ಅಂಗಡಿಗೆ ಹೋಗಿ ಬಂದರೆ, ಅವಳ ಸೊಂಟದ ಕೀಲು ಹೆಜ್ಜೆಗೊಮ್ಮೆ 120 ಕಿಲೋದ ಹೊರೆಯನ್ನು ಹೊತ್ತಿಳಿಸಿರುತ್ತದೆ.

ಹಾಗಾದರೆ ಕಾಂಡದಲ್ಲಿ ಒತ್ತಡ ಆದಷ್ಟು ಕಡಿಮೆ ಮಾಡು ಎಂದು ಕಂಪ್ಯೂಟರಿಗೆ ಹೇಳಿದರೆ ಮುಗಿಯಿತಲ್ಲ? ಈ ಕ್ಷೇತ್ರಕ್ಕೆ ಬಂದ ಎಲ್ಲರೂ ಮೊದಲು ಮಾಡುವ ಅಭ್ಯಾಸದ ಲೆಕ್ಕ ಇದು. ಉತ್ತರವೂ ಮೊದಲೇ ಗೊತ್ತಿರುತ್ತದೆ. ಕಾಂಡ ದಪ್ಪವಾಗುತ್ತದೆ, ಒತ್ತಡ ಇಳಿಯುತ್ತದೆ. ಪರದೆಯ ತುಂಬ ತಣ್ಣನೆಯ ನೀಲಿ. ತೊಂದರೆ ಏನೆಂದರೆ, ದುಂಡನೆಯ ಸಲಾಕೆಯ ಬಾಗದ ಹಟ ಅದರ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. 12 ಮಿಲಿಮೀಟರಿನ ಕಾಂಡವನ್ನು 15 ಮಾಡಿದರೆ ಅದು ಸುಮಾರು ಎರಡೂವರೆ ಪಟ್ಟು ಹಟಮಾರಿಯಾಗುತ್ತದೆ. ಲೋಹವಂತೂ ಹುಟ್ಟಾ ಹಟಮಾರಿ. ಕೀಲಿಗೆ ಬಳಸುವ ಟೈಟಾನಿಯಂ ಮೂಳೆಯ ಗಟ್ಟಿ ಹೊರಪದರಕ್ಕಿಂತ ಐದಾರು ಪಟ್ಟು ಹೆಚ್ಚು ಬಿಗಿ. ಹಟಮಾರಿ ಕಾಂಡ ಬಂದ ಭಾರವನ್ನೆಲ್ಲ ತಾನೇ ಹೊತ್ತು ಕೆಳಕ್ಕೆ ಸಾಗಿಸುತ್ತದೆ. ಸುತ್ತಲಿನ ಮೂಳೆಗೆ ಕೆಲಸವೇ ಇರುವುದಿಲ್ಲ.

ಕೆಲಸವಿಲ್ಲದ ಮೂಳೆ ಸುಮ್ಮನಿರುವುದಿಲ್ಲ, ಕರಗುತ್ತದೆ. ಇದರ ಹಿಂದೆ ಒಂದು ಹಳೆಯ ಕತೆಯಿದೆ. 1866ರ ಸುಮಾರಿನಲ್ಲಿ ಜ್ಯೂರಿಕ್‌ನಲ್ಲಿ ಫಾನ್ ಮೆಯರ್ ಎಂಬ ಅಂಗರಚನಾ ತಜ್ಞ ತೊಡೆಮೂಳೆಯ ಮೇಲ್ತುದಿಯನ್ನು ಸೀಳಿ, ಒಳಗಿನ ಎಲುಬಿನ ಎಳೆಗಳು ಕಮಾನುಗಳಂತೆ ಹರಡಿರುವುದನ್ನು ತೋರಿಸುತ್ತಿದ್ದ. ಅದನ್ನು ಕಂಡ ಕುಲ್ಮನ್ ಎಂಬ ಎಂಜಿನಿಯರಿಗೆ ಆ ಗೆರೆಗಳು ಪರಿಚಿತ ಎನಿಸಿದವು. ಬಾಗಿದ ಕತ್ತಿನ ಕ್ರೇನ್ ಒಂದರ ಒಳಗೆ ಒತ್ತಡ ಹರಿಯುವ ದಾರಿಗಳನ್ನು ಅವನು ತನ್ನ ವಿದ್ಯಾರ್ಥಿಗಳಿಂದ ಬರೆಸುತ್ತಿದ್ದದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು. ಬರ್ಲಿನ್ನಿನ ಯೂಲಿಯಸ್ ವೋಲ್ಫ್ 1892ರಲ್ಲಿ ಇದನ್ನು ನಿಯಮವಾಗಿಯೇ ಬರೆದ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕ ಹಾಗೆ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ತೋಳಿನ ಮೂಳೆ ದಪ್ಪವಾಗುವುದೂ, ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೇಲುವವರ ಸೊಂಟದ ಮೂಳೆ ಸವೆಯುವುದೂ ಇದೇ ನಿಯಮಕ್ಕೆ. ನಮ್ಮ ದೇಹದೊಳಗೇ ಹಗಲೂ ರಾತ್ರಿ ಆಕಾರದ ಆಪ್ಟಿಮೈಸೇಶನ್ ನಡೆಯುತ್ತಿದೆ, ಮತ್ತು ಅದು ಲೋಹದ ಕಾಂಡವನ್ನು ನಾವು ಅಂದುಕೊಂಡಂತೆ ಅತಿಥಿಯಾಗಿ ನೋಡದೆ, ತನ್ನ ಕೆಲಸ ಕಸಿದುಕೊಂಡವನಂತೆ ನೋಡುತ್ತದೆ.

ಹಾಗೆಂದು ಕಾಂಡವನ್ನು ಮೆದು ಮಾಡಿದರೆ? ನೆದರ್ಲೆಂಡ್ಸಿನ ಹಾಯ್ಸ್‌ಕೆಸ್ ಮತ್ತು ಸಂಗಡಿಗರು 1992ರಲ್ಲಿ ಲೆಕ್ಕ ಹಾಕಿ ತೋರಿಸಿದ ಹಾಗೆ, ಮೆದು ಕಾಂಡ ಮೂಳೆಯನ್ನು ಉಳಿಸುತ್ತದೆ, ಆದರೆ ಕಾಂಡಕ್ಕೂ ಮೂಳೆಗೂ ನಡುವಿನ ಅಂಟಿನ ಜಾಗದಲ್ಲಿ ಒತ್ತಡ ಏರಿ ಕೀಲು ಸಡಿಲವಾಗುವ ಅಪಾಯ ಹೆಚ್ಚುತ್ತದೆ. ಒಂದನ್ನು ಕಾಪಾಡಲು ಹೋದರೆ ಇನ್ನೊಂದು ಕೆಡುತ್ತದೆ. ಇಂಥ ಕಡೆ ಕಂಪ್ಯೂಟರ್ ಒಂದು ಉತ್ತರ ಕೊಡುವುದಿಲ್ಲ. ಒಂದು ಗೆರೆ ಕೊಡುತ್ತದೆ. ಆ ಗೆರೆಯ ಮೇಲಿನ ಪ್ರತಿ ಚುಕ್ಕಿಯೂ ಒಂದು ಆಕಾರ. ಯಾವ ಚುಕ್ಕಿಯಿಂದ ಎತ್ತ ಸರಿದರೂ ಎರಡರಲ್ಲಿ ಒಂದು ಕೆಡುತ್ತದೆ. ಇಟಲಿಯ ಅರ್ಥಶಾಸ್ತ್ರಜ್ಞ ಪರೇತೋನ ಹೆಸರಿನಲ್ಲಿ ಅದನ್ನು ಕರೆಯುತ್ತೇವೆ. ಗೆರೆ ಎಳೆಯುವುದು ಗಣಿತ. ಅದರ ಮೇಲೆ ಬೆರಳಿಟ್ಟು ಇಲ್ಲಿ ಎನ್ನುವುದು ಗಣಿತವಲ್ಲ, ಯಾರೋ ಒಬ್ಬರು ತೆಗೆದುಕೊಳ್ಳುವ ನಿರ್ಧಾರ.

ನನ್ನ ಮಟ್ಟಿಗೆ ಆ ಯಾರೋ ಒಬ್ಬರು ಯಾರು ಎಂಬ ಪ್ರಶ್ನೆ ಎರಡನೇ ವರ್ಷದಲ್ಲಿ ಬೇರೆಯದೇ ದಾರಿಯಿಂದ ಬಂತು. ನಮ್ಮದು ಮಲೆನಾಡಿನ ಅಡಿಕೆಯ ಊರು. ದೊಡ್ಡಮ್ಮ ನಲವತ್ತು ವರ್ಷ ಕೊನೆಯ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದವರು. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ನೆಟ್ಟಗೆ ನಿಂತ ಕತ್ತಿಯ ಅಲಗಿಗೆ ಅಡಿಕೆಯನ್ನು ಒತ್ತಿ ಸಿಪ್ಪೆ ಹಾರಿಸುತ್ತ, ಸಂಜೆ ಕೂತರೆ ರಾತ್ರಿ ಊಟದ ಹೊತ್ತಿನವರೆಗೂ ನಡೆಯುವ ಕೆಲಸ. ಊರಿನ ಸುದ್ದಿಯೆಲ್ಲ ಆ ಸಾಲಿನಲ್ಲೇ ಸುಲಿದುಹೋಗುತ್ತಿತ್ತು. ಒಂದು ಮಳೆಗಾಲ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿಯಿತು. ಆಪರೇಶನ್ ಚೆನ್ನಾಗಿಯೇ ಆಯಿತು, ಎರಡು ತಿಂಗಳಲ್ಲಿ ಕೋಲು ಬಿಟ್ಟು ನಡೆದರು. ಮನೆಗೆ ಕಳಿಸುವಾಗ ವೈದ್ಯರು ಹೇಳಿದ ಮಾತುಗಳಲ್ಲಿ ಒಂದು, ಇನ್ನು ಮುಂದೆ ನೆಲದ ಮೇಲೆ ಕೂರಬೇಡಿ.

ಆ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ನನ್ನ ಮಾದರಿಯನ್ನು ತೆಗೆದು ಅವರಿಗೆ ತೋರಿಸಿದೆ. ಕತ್ತಿನ ಕೋನ ಬದಲಿಸಿದೆ, ಕಾಂಡವನ್ನು ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇದೇನಾ ನನ್ನ ಕಾಲೊಳಗೆ ಇರೋದು?"

"ಹೆಚ್ಚುಕಡಿಮೆ ಇಂಥದ್ದೇ."

"ಬಣ್ಣ ಏನದು?"

"ನಡೆಯುವಾಗ ಎಲ್ಲಿ ಎಷ್ಟು ತ್ರಾಸು ಬೀಳುತ್ತೆ ಅಂತ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ಕೂರೋವಾಗ?"

ಕುರ್ಚಿಯಲ್ಲಿ ಕೂರುವ ಚಿತ್ರ ಇತ್ತು, ತೋರಿಸಿದೆ. "ಇದಲ್ಲ, ಕೂರೋವಾಗ" ಎಂದರು. ಅವರಿಗೆ ಕೂರುವುದು ಎಂದರೆ ನೆಲ. ಕುರ್ಚಿಯದು ಒರಗುವುದು.

ಬರ್ಲಿನ್ನಿನ ಕೋಷ್ಟಕದ ಸಾಲುಗಳು ನನಗೆ ಬಾಯಿಪಾಠ. ನಿಧಾನ ನಡಿಗೆ, ಸಾಧಾರಣ ನಡಿಗೆ, ವೇಗದ ನಡಿಗೆ, ಮೆಟ್ಟಿಲು ಹತ್ತುವುದು, ಇಳಿಯುವುದು, ಕುರ್ಚಿಯಿಂದ ಏಳುವುದು, ಕೂರುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಮೊಣಕಾಲು ಬಗ್ಗಿಸುವುದು. ಅದು ಅಸಾಧಾರಣ ಶ್ರಮದ, ಜಗತ್ತಿನ ತುಂಬ ಸಂಶೋಧಕರು ಇಂದಿಗೂ ಆತುಕೊಂಡಿರುವ ಕೆಲಸ. ಆ ನಾಲ್ವರು ಬದುಕುತ್ತಿದ್ದ ರೀತಿಯನ್ನು ಅದು ಪ್ರಾಮಾಣಿಕವಾಗಿ ದಾಖಲಿಸಿದೆ. ಅವರ ಮನೆಯಲ್ಲಿ ಈಳಿಗೆಮಣೆ ಇರಲಿಲ್ಲ. ಅವರು ನೆಲದಲ್ಲಿ ಕೂತು ಉಣ್ಣುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿರಲಿಲ್ಲ. ಅವರ ಭಾರಗಳಿಗೆ ಅತ್ಯುತ್ತಮವಾದ ಆಕಾರವನ್ನು ನಾವು ದೊಡ್ಡಮ್ಮನ ತೊಡೆಯೊಳಗೆ ಇಳಿಸಿ, ಆಮೇಲೆ ದೊಡ್ಡಮ್ಮನಿಗೆ ಅವರ ಹಾಗೆ ಬದುಕಲು ಹೇಳುತ್ತೇವೆ. ಎದ್ದು ನಿಂತ ಕಿಟಕಿ, ಮಲಗಿಸಿದ ಕಿಟಕಿ ನನಗೆ ನೆನಪಾದವು.

ನೆಲದಲ್ಲಿ ಕೂತರೆ ನಿಜವಾಗಿ ಏನಾಗುತ್ತದೆ? ಕಾಂಡ ಮುರಿಯುತ್ತದೆ ಎಂಬುದು ಭಯವಲ್ಲ. ತೊಡೆ ಹೊಟ್ಟೆಯ ಕಡೆಗೆ ತೀರ ಮಡಿಚಿದಾಗ ಕೃತಕ ಕೀಲಿನ ಕತ್ತು ಬಟ್ಟಲಿನ ಅಂಚಿಗೆ ತಾಗುತ್ತದೆ. ತಾಗಿದ ಮೇಲೂ ಮಡಿಚಿದರೆ, ಆ ಅಂಚೇ ಆಸರೆಯಾಗಿ, ಹಾರೆಯಿಂದ ಕಲ್ಲು ಮೀಟಿದ ಹಾಗೆ ಚೆಂಡು ಬಟ್ಟಲಿನಿಂದ ಹೊರಕ್ಕೆ ಮೀಟಿಕೊಳ್ಳುತ್ತದೆ. ಕೀಲು ತಪ್ಪುತ್ತದೆ. ತಾಗುವ ಮೊದಲು ಎಷ್ಟು ತಿರುಗಬಹುದು ಎಂಬುದು ಹೈಸ್ಕೂಲಿನ ತ್ರಿಕೋನಮಿತಿ. ಬಟ್ಟಲು ಸರಿಯಾಗಿ ಅರ್ಧಗೋಳ ಎಂದುಕೊಳ್ಳಿ, ಕತ್ತು 12 ಮಿಲಿಮೀಟರ್ ದಪ್ಪ. ಚಾರ್ನ್‌ಲಿ ಬಳಸಿದ ಹಾಗೆ ಚೆಂಡು 22 ಮಿಲಿಮೀಟರ್ ಇದ್ದರೆ ಒಟ್ಟು ತಿರುಗಾಟ 114 ಡಿಗ್ರಿ. ಚೆಂಡು 36 ಆದರೆ 141 ಡಿಗ್ರಿ. ಹಾಗಾದರೆ ದೊಡ್ಡ ಚೆಂಡೇ ಇರಲಿ ಎಂದರೆ ಅದೂ ಪುಕ್ಕಟೆಯಲ್ಲ. ಅಷ್ಟೇ ಜಾಗದಲ್ಲಿ ಚೆಂಡು ಬೆಳೆದರೆ ಬಟ್ಟಲಿನ ಪ್ಲಾಸ್ಟಿಕ್ ಪದರ ತೆಳುವಾಗಬೇಕು. ಚಾರ್ನ್‌ಲಿ ಚಿಕ್ಕ ಚೆಂಡನ್ನು ಆರಿಸಿಕೊಂಡದ್ದೇ ತಿಕ್ಕಾಟ ಮತ್ತು ಸವಕಳಿಗೆ ಹೆದರಿ.

ಇನ್ನೊಂದು ದಾರಿ ಕತ್ತನ್ನು ಸಣ್ಣ ಮಾಡುವುದು. ಇಲ್ಲಿ ನನ್ನ ಕೆಲಸದ ಎರಡು ತುದಿಗಳೂ ಒಂದನ್ನೊಂದು ಮುಟ್ಟುತ್ತವೆ. ತಿರುಗಾಟಕ್ಕೆ ಸಣ್ಣ ಕತ್ತು ಬೇಕು, ಒತ್ತಡಕ್ಕೆ ದಪ್ಪ ಕತ್ತು ಬೇಕು. ಬಾಗುವಾಗಿನ ಒತ್ತಡ ವ್ಯಾಸದ ಮೂರನೇ ಘಾತಕ್ಕೆ ವಿಲೋಮ. 12 ಮಿಲಿಮೀಟರಿನ ಕತ್ತನ್ನು 10 ಮಾಡಿದರೆ ಒತ್ತಡ 1.7 ಪಟ್ಟಾಗುತ್ತದೆ. ಅದನ್ನು ತಾಳಿಕೊಳ್ಳಲು ಕತ್ತಿನ ಬುಡದ ತಿರುವನ್ನು ಹೊಸದಾಗಿ ರೂಪಿಸಬೇಕು, ಕತ್ತು ದುಂಡಗಿರದೆ ತಾಗುವ ಬದಿಯಲ್ಲಿ ಮಾತ್ರ ಚಪ್ಪಟೆಯಾಗಿರಬೇಕು, ಭಾರ ಹೊರುವ ಬದಿಯಲ್ಲಿ ದಪ್ಪ ಉಳಿಯಬೇಕು. ಈ ಮೊದಲು ಕತ್ತಿಗೆ ನನ್ನ ಮಾದರಿಯಲ್ಲಿ ಒಂದೇ ಅಳತೆಯಿತ್ತು, ವ್ಯಾಸ. ಈಗ ನಾಲ್ಕಿವೆ. ದೊಡ್ಡಮ್ಮನ ಒಂದು ಪ್ರಶ್ನೆಗೆ ದರ್ಜಿಯ ಪುಸ್ತಕದಲ್ಲಿ ಮೂರು ಕಾಲಂ ಹೆಚ್ಚಾದವು.

ಈ ಕೆಲಸವನ್ನು ಒಂದು ಸೆಮಿನಾರಿನಲ್ಲಿ ಮಂಡಿಸಿದಾಗ ಎರಡು ಆಕ್ಷೇಪಗಳು ಬಂದವು, ಎರಡೂ ತೂಕದವೇ. ಒಂದು, ನೆಲದಲ್ಲಿ ಕೂರುವಾಗಿನ ಬಲದ ಅಂಕಿ ಎಲ್ಲಿಂದ ತಂದಿರಿ? ಭಾರತೀಯರು ನೆಲದಲ್ಲಿ ಕೂರುವಾಗ ಕೀಲುಗಳು ಎಷ್ಟು ಡಿಗ್ರಿ ಬಾಗುತ್ತವೆ ಎಂದು ಅಳೆದ ಅಧ್ಯಯನಗಳಿವೆ. ಆದರೆ ಕೋನ ಅಳೆಯುವುದು ಬೇರೆ, ಕೀಲಿನೊಳಗಿನ ಬಲ ಅಳೆಯುವುದು ಬೇರೆ. ಬಲವನ್ನು ಸ್ನಾಯುಗಳ ಗಣಿತ ಮಾದರಿಯಿಂದ ಅಂದಾಜು ಮಾಡಬೇಕು. ಹಾಗಾಗಿ ನಾನು ಒಂದು ಅಂಕಿಯ ಬದಲು ಒಂದು ಅಂತರವನ್ನು ಇಟ್ಟು, ಆ ಅಂತರದ ಉದ್ದಕ್ಕೂ ಆಕಾರ ತಾಳಬೇಕು ಎಂದು ಷರತ್ತು ಹಾಕುತ್ತೇನೆ. ಎರಡನೆಯ ಆಕ್ಷೇಪ ಎತ್ತಿದವರು ಸೌಮ್ಯವಾಗಿಯೇ ಹೇಳಿದರು: ಎಪ್ಪತ್ತು ವರ್ಷದವರು ಕುರ್ಚಿಯಲ್ಲಿ ಕೂತರೆ ನಷ್ಟವೇನು? ರೂಢಿಯನ್ನು ಬದಲಿಸುವುದು ಲೋಹವನ್ನು ಬದಲಿಸುವುದಕ್ಕಿಂತ ಸುಲಭವಲ್ಲವೇ?

ಆ ಮಾತನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ದೊಡ್ಡಮ್ಮ ಮಾಡಿದ್ದೂ ಅದನ್ನೇ. ಊರಿನ ಆಚಾರಿಯನ್ನು ಕರೆಸಿ ಮೆಟ್ಟುಗತ್ತಿಯನ್ನು ಸ್ಟೂಲಿನಷ್ಟು ಎತ್ತರದ ಹಲಗೆಗೆ ಕೂರಿಸಿಕೊಂಡರು. ಕೀಲಿನ ಅಳತೆ ಬದಲಾಗದಿದ್ದರೆ ಕತ್ತಿಯ ಅಳತೆ ಬದಲಾಗಲಿ ಎಂದು ಆ ಮನೆಯ ಜಗುಲಿಯಲ್ಲಿ ಒಂದು ಆಪ್ಟಿಮೈಸೇಶನ್ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಅವರೀಗ ಅಡಿಕೆ ಸುಲಿಯುತ್ತಾರೆ, ಮೊದಲಿನ ಅರ್ಧ ವೇಗದಲ್ಲಿ. ಆದರೆ ಉಳಿದ ಹೆಂಗಸರು ನೆಲದಲ್ಲಿ, ಅವರು ಮೇಲೆ. ಸುದ್ದಿ ಕೆಳಗಿನ ಸಾಲಿನಲ್ಲಿ ಹರಿಯುತ್ತದೆ, ಅರ್ಧ ಮಾತು ಅವರ ಕಿವಿಗೆ ಬೀಳುವುದಿಲ್ಲ. "ನ್ಯಾಯಾಧೀಶರ ಥರ ಕೂತಿದೀನಿ" ಎನ್ನುತ್ತಾರೆ. ಸೆಮಿನಾರಿನಲ್ಲಿ ಕೇಳಿದ ನಷ್ಟ ಇದು. ಇದಕ್ಕೆ ನನ್ನ ಲೆಕ್ಕದಲ್ಲಿ ಏಕಮಾನವಿಲ್ಲ. ಏಕಮಾನವಿಲ್ಲ ಎಂದ ಮಾತ್ರಕ್ಕೆ ಅದನ್ನು ಸೊನ್ನೆ ಎಂದು ಬರೆಯಲಾಗುವುದಿಲ್ಲ. ಆದರೆ ಕಾಲಂ ಬಿಟ್ಟುಬಿಟ್ಟರೆ ಕಂಪ್ಯೂಟರ್ ಓದಿಕೊಳ್ಳುವುದು ಸೊನ್ನೆಯೆಂದೇ.

ನನ್ನ ಪ್ರಬಂಧ ದೊಡ್ಡಮ್ಮನ ಕೀಲನ್ನು ಬದಲಿಸುವುದಿಲ್ಲ. ಒಂದು ಆಕಾರ ಪರದೆಯಿಂದ ಮನುಷ್ಯನ ದೇಹಕ್ಕೆ ತಲುಪುವ ಮೊದಲು ವರ್ಷಗಟ್ಟಲೆ ಪರೀಕ್ಷೆಗಳಿವೆ, ಇರಬೇಕು; ಕಾಂಡವನ್ನು ಯಂತ್ರಕ್ಕೆ ಸಿಕ್ಕಿಸಿ 50 ಲಕ್ಷ ಸಲ ಭಾರ ಹೇರಿ ಇಳಿಸುವ ಪರೀಕ್ಷೆಯಿಂದಲೇ ಅದು ಶುರುವಾಗುತ್ತದೆ. ನಾನು ಮಾಡಬಹುದಾದದ್ದು ಗೆರೆ ಎಳೆದು ತೋರಿಸುವುದು: ನೆಲದಲ್ಲಿ ಕೂರಲು ಇಷ್ಟು ಡಿಗ್ರಿ ಬೇಕಾದರೆ ಕತ್ತಿನಲ್ಲಿ ಇಷ್ಟು ಒತ್ತಡ ಏರುತ್ತದೆ, ಈ ಆಕಾರ ಕೊಟ್ಟರೆ ಇಷ್ಟು ಇಳಿಯುತ್ತದೆ. ಬೆರಳಿಡುವ ಹೊತ್ತಿಗೆ ವೈದ್ಯರ ಜೊತೆ ರೋಗಿಯೂ ಆ ಗೆರೆಯನ್ನು ನೋಡುವಂತಾದರೆ ಸಾಕು.

ಸದ್ಯ ಅಂಕಿಗಳು ಬೇಕಾಗಿವೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕಳೆದ ಸುಗ್ಗಿಯಿಂದ ಅಡಿಕೆ ಸುಲಿಯುವವರ ತೊಡೆಗೆ, ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ಸೆನ್ಸರುಗಳನ್ನು ಕಟ್ಟಿ ಅವರು ಹೇಗೆ ಕೂರುತ್ತಾರೆಂದು ಅಳೆಯುತ್ತಿದ್ದೇನೆ. ಒಂದು ಭಂಗಿಯ ಅಂಕಿ ಸಿಗುತ್ತದೆ ಎಂದುಕೊಂಡು ನನ್ನ ಕೋಷ್ಟಕದಲ್ಲಿ ಒಂದು ಸಾಲು ಬಿಟ್ಟಿದ್ದೆ. ಕೂತವರು ಹಾಗೆ ಇರುವುದೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸುತ್ತಾರೆ, ಒಂದು ಮಂಡಿ ಎತ್ತುತ್ತಾರೆ, ನಗು ಬಂದರೆ ಹಿಂದಕ್ಕೆ ವಾಲುತ್ತಾರೆ, ಮೊಮ್ಮಗು ಬಂದರೆ ತೊಡೆಯ ಮೇಲೆ ಜಾಗ ಮಾಡುತ್ತಾರೆ. ಈಗ ಆ ಕೋಷ್ಟಕದಲ್ಲಿ ಹನ್ನೊಂದು ಸಾಲುಗಳಿವೆ.